ಪಾನಪಾತ್ರೆಯ ಆಕಾರ

ಪಾಶ್ಚಾತ್ಯರ ಔತಣಗಳಲ್ಲಿ ವೈನಿಗೊಂದು, ಬೀರಿಗೊಂದು, ಷಾಂಪೇನಿಗೊಂದು ಎಂದು ಬಗೆಬಗೆಯ ಗಾಜಿನ ಪಾತ್ರೆಗಳನ್ನು ಇಡುವ ಪದ್ಧತಿಯುಂಟು. ಇದು ಕೇವಲ ಆಡಂಬರವೋ ಅಥವಾ ಇದಕ್ಕೆ ಭೌತವಿಜ್ಞಾನದ ಆಧಾರವುಂಟೋ? ಪಾನದ ಗುಣದೋಷಗಳನ್ನು ಬದಿಗಿಟ್ಟು, ಪಾತ್ರೆಯನ್ನಷ್ಟೇ ಇಲ್ಲಿ ಪರಿಶೀಲಿಸೋಣ.

ಷಾಂಪೇನನ್ನೇ ಮೊದಲು ತೆಗೆದುಕೊಳ್ಳಬಹುದು. ಫ್ರಾನ್ಸಿನ ಈ ವೈನು ಮುಚ್ಚಿದ ಸೀಸೆಯೊಳಗೆ ಎರಡನೆಯ ಬಾರಿ ಹುದುಗುತ್ತದೆ. ಆಗ ಹುಟ್ಟುವ ಇಂಗಾಲದ ಡೈಆಕ್ಸೈಡು ಹೊರಹೋಗಲಾರದೆ ದ್ರವದಲ್ಲಿಯೇ ಕರಗಿ ನಿಲ್ಲುತ್ತದೆ. ಸೀಸೆಯೊಳಗಿನ ಒತ್ತಡ ವಾಯುಮಂಡಲದ ಒತ್ತಡಕ್ಕಿಂತ ಸುಮಾರು 6 ಪಟ್ಟು ಹೆಚ್ಚು. ಮುಕ್ಕಾಲು ಲೀಟರು ದ್ರವದಲ್ಲಿ ಅಡಗಿರುವ ಅನಿಲ ಸುಮಾರು 9 ಗ್ರಾಂ. ಇದನ್ನು ಬಿಡುಗಡೆ ಮಾಡಿದರೆ 5 ಲೀಟರಿನಷ್ಟು ಸ್ಥಳವನ್ನು ಆಕ್ರಮಿಸುವುದು! ದ್ರವದಲ್ಲಿ ಕರಗುವ ಅನಿಲದ ಪ್ರಮಾಣ ಒತ್ತಡವನ್ನು ಅನುಸರಿಸುತ್ತದೆಂದು ವಿಲಿಯಂ ಹೆನ್ರಿ 1803ರಲ್ಲಿಯೇ ತೋರಿಸಿದ್ದನಷ್ಟೆ. ಬಿರಡೆ ತೆಗೆದೊಡನೆ ಒತ್ತಡ ಇಳಿಯುತ್ತದೆ, ಅನಿಲ ಹೊರಡತೊಡಗುತ್ತದೆ.

ಹೊರಡುವುದು ಹೇಗೆ? ಗುಳ್ಳೆಗಳ ಮೂಲಕ ಎಂದು ವಾಚಕರು ಹೇಳಿಯಾರು. ಆದರೆ ಗುಳ್ಳೆಗಳ ಪಾಲು ಅಲ್ಪ. ಹೆಚ್ಚಿನ ಅನಿಲ ಕಣ್ಣಿಗೆ ಕಾಣದಂತೆ ದ್ರವದ ಮೇಲ್ಮೈಯಿಂದಲೇ ಜಾರಿಹೋಗುತ್ತದೆ. ಆದುದರಿಂದ ಮೇಲ್ಮೈಯ ವಿಸ್ತಾರ ಮುಖ್ಯವಾಗುತ್ತದೆ. ಹಿಂದೆ ರೂಢಿಯಲ್ಲಿದ್ದ ಅಗಲ ಬಟ್ಟಲಿನ ಬಾಯಿ 9 ಸೆಂಟಿಮೀಟರು, ಕೊಳವೆಯಂತೆ ಎತ್ತರವಾದ ಪಾತ್ರೆಯದು 5 ಸೆಂಟಿಮೀಟರು ಎಂದಿಟ್ಟುಕೊಂಡರೆ, ಬಟ್ಟಲಿನ ಮೇಲ್ಮೈ ಮೂರು ಪಟ್ಟಿಗೂ ಮಿಗಿಲು. ಅದರಲ್ಲಿ ಪಾನೀಯ ಬೇಗ ಸಪ್ಪೆಯಾಗುವುದು ಸಹಜವೇ. ಆದರೆ ಎತ್ತರದ ಪಾತ್ರೆಗೂ ಒಂದು ದೋಷವುಂಟು: ಅದರ ಕಿರಿದಾದ ಬಾಯಿಯಲ್ಲಿ ಅನಿಲ ದಟ್ಟವಾಗಿ ನಿಂತು ಮೂಗನ್ನು ಚುಚ್ಚುತ್ತದೆ. ನಡು ಉಬ್ಬಿ ಬಾಯಿ ತುಸು ಕಿರಿದಾದ ಪಾತ್ರೆಯೇ ಮೇಲೆಂದು ನನಗೆ ತೋರುತ್ತದೆ. ಸುರಿಯುವ ಕ್ರಮವೂ ಗಣನೀಯ. ಪಾತ್ರೆಯನ್ನು ಓರೆಯಾಗಿ ಹಿಡಿದು ಅಂಚಿನಗುಂಟ ಇಳಿಸಿದರೆ ಹೆಚ್ಚು ಅನಿಲ ಉಳಿಯುವುದೆಂದು ಫ್ರೆಂಚ್ ವಿಜ್ಞಾನಿಗಳು 2010ರಲ್ಲಿ ಅಳೆದು ತೋರಿಸಿದರು. ಬೀರನ್ನು ಹೀಗೆ ಸುರಿಯುವುದು ಹಳೆಯ ವಾಡಿಕೆ.

ಅನಿಲವಿಲ್ಲದ ವೈನಿನಲ್ಲಿ ಪ್ರಶ್ನೆ ಪರಿಮಳದ್ದು. 2015ರಲ್ಲಿ ಜಪಾನಿನ ಸಂಶೋಧಕರು ಮದ್ಯಸಾರದ ಆವಿಯನ್ನು ಚಿತ್ರಿಸಬಲ್ಲ ಕ್ಯಾಮೆರಾವೊಂದನ್ನು ಬಳಸಿದರು. 13 ಡಿಗ್ರಿ ಸೆಂಟಿಗ್ರೇಡಿನಲ್ಲಿ, ವೈನಿನ ಪಾತ್ರೆಯ ಅಂಚಿನಲ್ಲಿ ಆವಿ ಬಳೆಯಂತೆ ಸುತ್ತುವರಿದಿತ್ತು, ನಡುವೆ ವಿರಳವಾಗಿತ್ತು. ನೇರ ಗೋಡೆಯ ಲೋಟದಲ್ಲಿ ಈ ಬಳೆ ಕಾಣಲಿಲ್ಲ. ನಡುವೆ ಮೂಗಿಟ್ಟವನಿಗೆ ಮದ್ಯಸಾರದ ಘಾಟು ತಟ್ಟದೆ ಪರಿಮಳ ದೊರೆಯುವುದೆಂದು ಇದರಿಂದ ಊಹಿಸಬಹುದು. ಪಾತ್ರೆಯ ನೀಳವಾದ ಕಾಲು ಅಂಗೈಯ ಶಾಖವನ್ನು ದೂರವಿಡುವುದಕ್ಕಾಗಿ.

ಇಂತಿಂಥ ಆಕಾರ ವೈನನ್ನು ನಾಲಗೆಯ ಇಂತಿಂಥ ಭಾಗಕ್ಕೇ ತಲುಪಿಸಿ ರುಚಿ ಹೆಚ್ಚಿಸುವುದೆಂದು ವರ್ತಕರು ಹೇಳುವುದುಂಟು. ಇದನ್ನು ಮಾತ್ರ ನಂಬಬೇಕಾದುದಿಲ್ಲ. ತುದಿಯಲ್ಲಿ ಸಿಹಿ, ಹಿಂದೆ ಕಹಿ ಎಂಬ ನಕ್ಷೆ ಜರ್ಮನಿಯ ಹೇನಿಗ್ 1901ರಲ್ಲಿ ಪ್ರಕಟಿಸಿದ ಪ್ರಯೋಗಗಳನ್ನು ತಪ್ಪಾಗಿ ಅರ್ಥೈಸಿದುದರ ಫಲ. ಭಾಗಭಾಗಗಳ ನಡುವಣ ಅಂತರ ಅತ್ಯಲ್ಪವೆಂದು ವರ್ಜೀನಿಯಾ ಕಾಲಿಂಗ್ಸ್ 1974ರಲ್ಲಿ ಸ್ಥಾಪಿಸಿದರು.

ಮೇಲ್ಮೈಯ ಪ್ರಭಾವವನ್ನು ಪರೀಕ್ಷಿಸಲು ಷಾಂಪೇನೇ ಬೇಕಾಗಿಲ್ಲ. ತಣ್ಣಗಿನ ಸೋಡಾವನ್ನು ಸಮನಾಗಿ ಎತ್ತರದ ಲೋಟವೊಂದಕ್ಕೂ ಅಗಲವಾದ ತಟ್ಟೆಯೊಂದಕ್ಕೂ ಮೆಲ್ಲನೆ ಸುರಿದು, ಅರ್ಧ ಗಂಟೆಯ ತರುವಾಯ ಎರಡನ್ನೂ ಒಂದೊಂದು ಗುಟುಕು ಕುಡಿದು ನೋಡಬಹುದು.