ಶಾಸಕರು ಜನರ ಮಾತು ಕೇಳಬೇಕಾ, ಸ್ವಂತ ಬುದ್ಧಿ ನಡೆಸಬೇಕಾ? ಹರಪನಹಳ್ಳಿ ಕಂಡ ಜಿಲ್ಲೆ ಬದಲಾವಣೆ

ಹರಪನಹಳ್ಳಿ: 25 ವರ್ಷದೊಳಗೆ ಈ ತಾಲ್ಲೂಕಿನ ಜಿಲ್ಲೆ ಮೂರು ಸಲ ಬದಲಾಯ್ತು. 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ, 2018ರಲ್ಲಿ ವಾಪಸ್ ಬಳ್ಳಾರಿಗೆ, 2021ರಲ್ಲಿ ವಿಜಯನಗರಕ್ಕೆ. ಅಂಗಡಿ ಲೈಸೆನ್ಸ್, ಪಹಣಿ, ಬೋರ್ಡು ಎಲ್ಲದರ ಮೇಲೂ ಹೆಸರು ತಿದ್ದಿಸಿಕೊಂಡವರಿಗೆ ಇದರ ಬಿಸಿ ಗೊತ್ತು. ಗೆದ್ದವರು ಜನಾಭಿಪ್ರಾಯದಂತೆ ನಡೆಯಬೇಕೋ, ತಮಗೆ ಸರಿ ಕಂಡದ್ದು ಮಾಡಬೇಕೋ ಅನ್ನೋ ಪ್ರಶ್ನೆಗೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ.

1997ರ ಆಗಸ್ಟ್ 15ರಂದು ಮುಖ್ಯಮಂತ್ರಿ ಜೆ.ಎಚ್. ಪಟೇಲರ ಕಾಲದಲ್ಲಿ ದಾವಣಗೆರೆ ಜಿಲ್ಲೆ ಆಯ್ತು. ಲೆಕ್ಕ ಸರಳ ಇತ್ತು: ಬಳ್ಳಾರಿ ನೂರು ಕಿ.ಮೀ. ಮೀರಿದ ದೂರ, ದಾವಣಗೆರೆ ಅದರ ಅರ್ಧದಷ್ಟೂ ಇಲ್ಲ. ಆಸ್ಪತ್ರೆ, ಕಾಲೇಜು, ಸಂತೆ ಸಾಮಾನು ಎಲ್ಲಕ್ಕೂ ಜನ ಹೋಗ್ತಿದ್ದದ್ದೇ ಅಲ್ಲಿಗೆ. ಆಗ ಅದನ್ನು ತಪ್ಪು ಅನ್ನೋದು ಕಷ್ಟ.

ಆದರೆ 2012ರಲ್ಲಿ ಸಂವಿಧಾನಕ್ಕೆ 98ನೇ ತಿದ್ದುಪಡಿ ಬಂತು. 371(ಜೆ) ಪ್ರಕಾರ ಹೈದರಾಬಾದ್ ಕರ್ನಾಟಕದ ಆರು ಜಿಲ್ಲೆಗಳಿಗೆ ನೌಕರಿ, ಸೀಟುಗಳಲ್ಲಿ ಮೀಸಲು ಸಿಕ್ಕಿತು. ಬಳ್ಳಾರಿ ಅದರಲ್ಲಿತ್ತು, ದಾವಣಗೆರೆ ಇರಲಿಲ್ಲ. ಪಕ್ಕದ ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿ ಹುಡುಗರಿಗೆ ಇದ್ದದ್ದು ಹರಪನಹಳ್ಳಿ ಹುಡುಗರಿಗೆ ಇಲ್ಲ. ದೂರ ಆದರೂ ಪರವಾಗಿಲ್ಲ, ಬಳ್ಳಾರಿಗೇ ಸೇರಿಸಿ ಅಂತ ಹೋರಾಟ ಶುರುವಾಯ್ತು. ಅಂದರೆ ತಾಲ್ಲೂಕಿನ ಅಭಿಪ್ರಾಯವೇ ತಿರುಗಿತ್ತು. 1997ರಲ್ಲಿ ಇದನ್ನು ಊಹಿಸೋಕೆ ಯಾರಿಂದಲೂ ಆಗ್ತಿರಲಿಲ್ಲ ಬಿಡಿ.

2013ರಲ್ಲಿ ಗೆದ್ದ ಎಂ.ಪಿ. ರವೀಂದ್ರ ಈ ಬೇಡಿಕೆಯನ್ನು ಹೊತ್ತುಕೊಂಡರು. ಹಡಗಲಿಯ ಎಂ.ಪಿ. ಪ್ರಕಾಶ್ ಅವರ ಮಗ ಇವರು. ಅವರ ಅವಧಿಯ ಕೊನೆಗೆ ತಾಲ್ಲೂಕಿಗೆ 371(ಜೆ) ದಕ್ಕಿತು. ಜನ ಕೇಳಿದ್ದನ್ನೇ ಮಾಡಿಸಿದ ಶಾಸಕರು 2018ರ ಚುನಾವಣೆಯಲ್ಲಿ ಕರುಣಾಕರ ರೆಡ್ಡಿ ಎದುರು ಸೋತರು, ಅದೇ ನವೆಂಬರ್‌ನಲ್ಲಿ ತೀರಿಕೊಂಡರು. ಇನ್ನೂರಕ್ಕೂ ಹೆಚ್ಚು ವರ್ಷದ ಹಿಂದೆ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಎಡ್ಮಂಡ್ ಬರ್ಕ್ ಇದಕ್ಕೆ ಉಲ್ಟಾ. ಪ್ರತಿನಿಧಿ ಮತದಾರರಿಗೆ ಕೊಡಬೇಕಾದದ್ದು ತನ್ನ ಸ್ವಂತ ವಿವೇಕ ಎಂದು 1774ರಲ್ಲಿ ಹೇಳಿದ ಅವರು 1780ರಲ್ಲಿ ಗೆಲ್ಲುವ ಆಸೆ ಬಿಟ್ಟು ಅಲ್ಲಿನ ಕಣದಿಂದ ಹಿಂದೆ ಸರಿದರು. ಕೇಳಿದವರಿಗೂ ಸೋಲು, ಕೇಳದವರಿಗೂ ಸೋಲು!

ಇನ್ನು 'ಜನ' ಅಂದರೆ ಯಾರು? ವಿಜಯನಗರ ಜಿಲ್ಲೆ ವಿಷಯದಲ್ಲಿ ಹೊಸಪೇಟೆಯ ಆನಂದ್ ಸಿಂಗ್ ಜಿಲ್ಲೆ ಬೇಕು ಅಂದರು, ಬಳ್ಳಾರಿಯ ಸೋಮಶೇಖರ ರೆಡ್ಡಿ ಬೇಡ ಅಂದರು. ಇಬ್ಬರದ್ದೂ ಆಗ ಒಂದೇ ಪಕ್ಷ, ಇಬ್ಬರ ಹಿಂದೆಯೂ ಅವರವರ ಊರು. 2020ರ ನವೆಂಬರ್‌ನಲ್ಲಿ ಬಳ್ಳಾರಿ ಬಂದ್ ಆಯ್ತು. ಹರಪನಹಳ್ಳಿಯವರು ತಮ್ಮೂರನ್ನೇ ಜಿಲ್ಲಾ ಕೇಂದ್ರ ಮಾಡಿ ಅಂತ ಬೀದಿಗಿಳಿದರು. ಕರಡು ಅಧಿಸೂಚನೆ ಹೊರಡಿಸಿ ಆಕ್ಷೇಪಣೆ ಕೇಳಿದ್ದೇನೋ ನಿಜ. ಕಾನೂನಿನಲ್ಲಿ ಅಷ್ಟೇ ಇರೋದು. ಜನರಿಂದ ಓಟು ಹಾಕಿಸಿ ಜಿಲ್ಲೆ ಮಾಡುವ ಪದ್ಧತಿ ಇಲ್ಲ. 2021ರ ಫೆಬ್ರವರಿ 8ಕ್ಕೆ ಆರು ತಾಲ್ಲೂಕುಗಳ ಜಿಲ್ಲೆ ಅಂತಿಮವಾಯ್ತು, ಕೇಂದ್ರ ಹೊಸಪೇಟೆ.

ನಡುವೆ ಬದಲಾಯಿಸೋಕೂ ದಾರಿ ಇಲ್ಲ. ಶಾಸಕರನ್ನು ಅವಧಿ ಮಧ್ಯೆ ವಾಪಸ್ ಕರೆಸುವ ಅಧಿಕಾರ ಮತದಾರರಿಗಿಲ್ಲ. ವಿಪ್ ಮೀರಿದರೆ ಸ್ಥಾನ ಹೋಗೋದು 1985ರ ಪಕ್ಷಾಂತರ ನಿಷೇಧ ಕಾಯ್ದೆಯಿಂದ. ಹಾಗಾಗಿ ಸದನದಲ್ಲಿ ಶಾಸಕರು ಮೊದಲು ಹೆದರೋದು ಪಕ್ಷಕ್ಕೆ, ಊರಿಗಲ್ಲ. 2023ರಲ್ಲಿ ಹರಪನಹಳ್ಳಿ ಜನ ಪಕ್ಷಗಳನ್ನು ಬಿಟ್ಟು ರವೀಂದ್ರ ಅವರ ಸಹೋದರಿ ಲತಾ ಮಲ್ಲಿಕಾರ್ಜುನ್ ಅವರನ್ನು ಪಕ್ಷೇತರರಾಗಿ ಗೆಲ್ಲಿಸಿದರು. ಗೆದ್ದ ಮೇಲೆ ಅವರು ಕಾಂಗ್ರೆಸ್‌ಗೆ ಬೆಂಬಲ ಕೊಟ್ಟರು.

ಅಂದಹಾಗೆ, ಜಿಲ್ಲೆ ಇಷ್ಟು ಸಲ ಬದಲಾದರೂ ಲೋಕಸಭೆಗೆ ಹರಪನಹಳ್ಳಿ ಈಗಲೂ ದಾವಣಗೆರೆ ಕ್ಷೇತ್ರದಲ್ಲೇ ಇದೆ. ಕೂಡ್ಲಿಗಿ, ಹಡಗಲಿಯವರು ಓಟು ಹಾಕೋದು ಬಳ್ಳಾರಿ ಕ್ಷೇತ್ರಕ್ಕೆ.