ಅಕ್ಕಿ ಫ್ರೀ, ಒಗ್ಗರಣೆ ದುಬಾರಿ

ಐರೋಲಿಯಲ್ಲಿ ನಮ್ಮ ಆಫೀಸ್ ಪಕ್ಕ ಹೊಸ ಕಟ್ಟಡ ಏಳ್ತಿದೆ. ಚಹಾ ಅಂಗಡಿ ಹತ್ರ ನಾನು ಫೋನಲ್ಲಿ ಕನ್ನಡ ಮಾತಾಡೋದು ಕೇಳಿ, ಅಲ್ಲಿ ಕೆಲಸ ಮಾಡೋ ಯಾದಗಿರಿ ಕಡೆಯ ಹೆಣ್ಣುಮಗಳೊಬ್ಬರು ಬಂದು ಕೇಳಿದ್ರು: “ಅಣ್ಣಾರ, ನಮ್ ಕಾರ್ಡ್ ಊರಾಗ ಅದರಿ. ಇಲ್ಲಿ ರೇಷನ್ ಕೊಡ್ತಾರೇನ್ರಿ?” ನನಗೆ ಗೊತ್ತಿರಲಿಲ್ಲ. ವಿಚಾರಿಸಿ ತಿಳ್ಕೊಂಡಿದ್ದನ್ನ ಇವತ್ತು ಹೇಳ್ತೀನಿ.

ಕೊಡ್ತಾರೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಂತೆ ಆದ್ಯತಾ ಕುಟುಂಬದ, ಅಂದ್ರೆ ನಾವು ಬಿಪಿಎಲ್ ಅನ್ನೋ ಮನೆಯ, ಪ್ರತಿಯೊಬ್ಬರಿಗೂ ತಿಂಗಳಿಗೆ 5 ಕೆ.ಜಿ. ಧಾನ್ಯ. 2023ರ ಜನವರಿಯಿಂದ ಅದು ಪೂರ್ತಿ ಉಚಿತ. ‘ಒಂದು ದೇಶ, ಒಂದು ಪಡಿತರ ಚೀಟಿ’ ವ್ಯವಸ್ಥೆ ಇರೋದ್ರಿಂದ, ಕಾರ್ಡಿಗೆ ಆಧಾರ್ ಜೋಡಣೆಯಾಗಿದ್ರೆ ಮುಂಬೈನ ನ್ಯಾಯಬೆಲೆ ಅಂಗಡಿಯಲ್ಲೂ ಹೆಬ್ಬೆಟ್ಟು ಒತ್ತಿ ತಗೋಬಹುದು. ಊರಲ್ಲಿರೋ ಅತ್ತೆ-ಮಾವ ತಮ್ಮ ಪಾಲನ್ನ ಅಲ್ಲೇ ತಗೋಬಹುದು.

ಆದ್ರೆ ಕರ್ನಾಟಕ ಸರ್ಕಾರ ಅನ್ನಭಾಗ್ಯದಲ್ಲಿ ತನ್ನ ಕಡೆಯಿಂದ ಸೇರಿಸಿ ಕೊಡೋದು ಗಡಿ ದಾಟಿ ಬರಲ್ಲ. ಇಲ್ಲೇ ಹೊಸ ಕಾರ್ಡ್ ಮಾಡಿಸೋಣ ಅಂದ್ರೆ, ಮಹಾರಾಷ್ಟ್ರದ ನಗರಗಳಲ್ಲಿ ಆದ್ಯತಾ ಕುಟುಂಬಕ್ಕಿರೋ ಆದಾಯ ಮಿತಿ ವರ್ಷಕ್ಕೆ 59,000 ರೂಪಾಯಿ. ತಿಂಗಳಿಗೆ ಐದು ಸಾವಿರಾನೂ ಆಗಲ್ಲ! ಹಾಗಾಗಿ ಊರಿನ ಕಾರ್ಡೇ ಆಸರೆ. ಅದರ ಇ-ಕೆವೈಸಿ ಬಾಕಿ ಉಳಿಸ್ಕೋಬಾರದು.

ಇದನ್ನೆಲ್ಲ ಹೇಳಿದ ಮೇಲೆ ಅವರು ಇನ್ನೊಂದು ಕೇಳಿದ್ರು: “ಎಣ್ಣಿನೂ ಕೊಡ್ತಾರೇನ್ರಿ?”

ಇಲ್ಲ. ಅದು ಅಂಗಡಿಯಲ್ಲೇ ಕೊಳ್ಳಬೇಕು. ನಮ್ಮ ದೇಶ ಬಳಸೋ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿಂದ ಬರುತ್ತೆ. 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕಚ್ಚಾ ತಾಳೆ, ಸೋಯಾ, ಸೂರ್ಯಕಾಂತಿ ಎಣ್ಣೆಗಳ ಆಮದು ಸುಂಕವನ್ನ ಶೇ. 5.5ರಿಂದ 27.5ಕ್ಕೆ ಏರಿಸ್ತು. ಕಾರಣ ನ್ಯಾಯವಾದದ್ದೇ: ಆಗ ಸೋಯಾ ಬೆಲೆ ಬೆಂಬಲ ಬೆಲೆಗಿಂತ ಕೆಳಗಿತ್ತು, ರೈತ ಕಂಗಾಲಾಗಿದ್ದ. ಆದ್ರೆ ಆ ಭಾರ ಹೊತ್ತಿದ್ದು ಎಣ್ಣೆ ಕೊಳ್ಳೋ ಮನೆಗಳು. 2025ರ ಮೇ ಕೊನೆಗೆ ಸುಂಕ ಶೇ. 16.5ಕ್ಕೆ ಇಳೀತು.

ನಮ್ಮ ಸಂಬಳದಲ್ಲಿ ಈ ಏರಿಳಿತ ಕಾಣೋದೇ ಇಲ್ಲ. ದಿನಗೂಲಿ ಮನೆಯಲ್ಲಿ ಎಣ್ಣೆ ಏರಿದ ತಿಂಗಳು ಬೇಳೆ ತೆಳ್ಳಗಾಗುತ್ತೆ, ಮೊಟ್ಟೆ ನಿಲ್ಲುತ್ತೆ. ಹೊಟ್ಟೆ ತುಂಬುತ್ತೆ, ಪೌಷ್ಟಿಕತೆ ಸಿಗಲ್ಲ. ಆಹಾರ ಭದ್ರತೆ ಅಂದ್ರೆ ಬರೀ ಅಕ್ಕಿ ಅಲ್ಲ.

ಸುಂಕ ಇಳಿಸೋದು ನಮ್ಮ ಕೈಲಿಲ್ಲ. ಆದ್ರೆ ನಿಮ್ಮ ಸೊಸೈಟಿಯಲ್ಲೋ ಪಕ್ಕದ ಸೈಟಲ್ಲೋ ಕನ್ನಡ ಮಾತಾಡೋರು ಸಿಕ್ರೆ, ಕಾರ್ಡ್ ಇಲ್ಲೂ ನಡೆಯುತ್ತೆ ಅಂತ ಹೇಳಿ. ಆಗೋದಾದ್ರೆ ಒಂದ್ಸಲ ಅಂಗಡಿವರೆಗೂ ಜೊತೆಗೆ ಹೋಗಿ. ಅಲ್ಲಿ ಮರಾಠಿ ಬಾರದೇ ವಾಪಸ್ ಬರೋರು ಇರ್ತಾರೆ.

ಮುಂದಿನ ವಾರ ಸಿಗೋಣ.