ಬಟಾಣಿ ಮೊಳಕೆಯಿಂದ ಕೈಲಾಸದವರೆಗೆ: ಮಕ್ಕಳ ಕಲಿಕೆಗೆ ವಿಡಿಯೋ ಸಂಕಲನ

ನಾಸಿಕ್‌ನ ಪಾಂಡವಲೇಣಿ ಗುಡ್ಡದ ಬುಡದಲ್ಲಿ ದಾದಾಸಾಹೇಬ ಫಾಲ್ಕೆಯವರ ಸ್ಮಾರಕವಿದೆ. 1870ರಲ್ಲಿ ಸಮೀಪದ ತ್ರ್ಯಂಬಕೇಶ್ವರದಲ್ಲಿ ಜನಿಸಿ, 1944ರಲ್ಲಿ ನಾಸಿಕ್‌ನಲ್ಲಿಯೇ ಕಣ್ಮುಚ್ಚಿದ ಫಾಲ್ಕೆಯವರು 1913ರಲ್ಲಿ ‘ರಾಜಾ ಹರಿಶ್ಚಂದ್ರ’ವನ್ನು ತೆರೆಗೆ ತಂದರೆಂಬುದು ಎಲ್ಲರೂ ಬಲ್ಲ ಸಂಗತಿ. ಅದಕ್ಕೂ ಮುನ್ನ, 1912ರಲ್ಲಿ, ಅವರು ಮುಂಬಯಿಯಲ್ಲಿ ತಯಾರಿಸಿದ ಪುಟ್ಟ ಚಿತ್ರವೊಂದರ ಕಥೆ ಮಾತ್ರ ಅಷ್ಟಾಗಿ ಪ್ರಚಾರದಲ್ಲಿಲ್ಲ. ಕುಂಡದಲ್ಲಿ ಬಟಾಣಿ ಕಾಳನ್ನು ಬಿತ್ತಿ, ಅದರೆದುರು ಕ್ಯಾಮೆರಾ ನಿಲ್ಲಿಸಿ, ಒಂದು ತಿಂಗಳಿಗೂ ಮಿಕ್ಕಿ ತಾಳ್ಮೆಯಿಂದ ಸ್ವಲ್ಪಸ್ವಲ್ಪವಾಗಿ ಅವರು ಚಿತ್ರೀಕರಿಸಿದರು. ವಾರಗಟ್ಟಲೆ ನಡೆದ ಬೆಳವಣಿಗೆಯು ತೆರೆಯ ಮೇಲೆ ಕೆಲವೇ ಕ್ಷಣಗಳಲ್ಲಿ ಕಣ್ಣೆದುರು ನಡೆಯಿತು. ಅದನ್ನು ಕಂಡ ಬಳಿಕವೇ ಅವರ ಮುಂದಿನ ಸಾಹಸಕ್ಕೆ ಹಣದ ನೆರವು ಒದಗಿತು.

ಯೋಚಿಸಿ ನೋಡಿದರೆ ಅದೊಂದು ಪಾಠವೇ ಆಗಿತ್ತು. ಫಾಲ್ಕೆಯವರು ಲಂಡನ್ನಿನಿಂದ ಕ್ಯಾಮೆರಾ ತರಿಸಬೇಕಾಯಿತು. ಇಂದು ಅದು ಪ್ರತಿ ಮನೆಯ ಮೊಬೈಲಿನಲ್ಲಿದೆ. ಆದರೂ ನಮ್ಮ ಮಕ್ಕಳು ಬಹುಪಾಲು ನೋಡುಗರಾಗಿಯೇ ಉಳಿದಿದ್ದಾರೆ. 1975-76ರಲ್ಲಿ ಉಪಗ್ರಹದ ಮೂಲಕ ಶೈಕ್ಷಣಿಕ ದೂರದರ್ಶನದ ಪ್ರಯೋಗ ನಡೆದಾಗ ಅಂದಿನ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳ ಮಕ್ಕಳು ಒಟ್ಟಾಗಿ ಕುಳಿತು ಕಾರ್ಯಕ್ರಮ ನೋಡಿದ್ದರು. ಅಂದು ನೋಡುವುದೇ ದೊಡ್ಡ ಅವಕಾಶ. ಇಂದು ಮಗು ತಾನೇ ಕಟ್ಟಬಲ್ಲದು. ಈ ಕಟ್ಟುವ ಕೆಲಸಕ್ಕೆ ಸಂಕಲನವೆಂದು ಹೆಸರು.

ಸಂಕಲನ ಎಂದರೇನು?

ಚಿತ್ರೀಕರಿಸಿದ ತುಣುಕುಗಳಲ್ಲಿ ಬೇಕಾದುದನ್ನು ಆರಿಸಿ, ಬೇಡವಾದುದನ್ನು ಕತ್ತರಿಸಿ, ಕ್ರಮವಾಗಿ ಜೋಡಿಸಿ, ಅದಕ್ಕೆ ಮಾತು ಹಾಗೂ ಶೀರ್ಷಿಕೆಗಳನ್ನು ಕೂಡಿಸುವುದೇ ಸಂಕಲನ. ಕಂಪ್ಯೂಟರಿನ ಪರದೆಯ ಕೆಳಭಾಗದಲ್ಲಿ ‘ಟೈಮ್‌ಲೈನ್’ ಎಂಬ ಪಟ್ಟಿಯಿರುತ್ತದೆ. ಅದರ ಒಂದು ಸಾಲಿನಲ್ಲಿ ಚಿತ್ರ, ಇನ್ನೊಂದರಲ್ಲಿ ಧ್ವನಿ, ಮತ್ತೊಂದರಲ್ಲಿ ಅಕ್ಷರ. ಆರಂಭಿಕರಿಗೆ ಕತ್ತರಿಸುವುದು, ಸರಿಸುವುದು, ಧ್ವನಿ ಸೇರಿಸುವುದು ಇಷ್ಟು ತಿಳಿದರೆ ಸಾಕು.

ಇದರಿಂದ ಕಲಿಕೆ ಹೇಗಾಗುತ್ತದೆ? ಹತ್ತು ನಿಮಿಷದ ಚಿತ್ರಣವನ್ನು ಎರಡು ನಿಮಿಷಕ್ಕೆ ಇಳಿಸುವಾಗ ಮಗು ಪ್ರತಿ ತುಣುಕಿನ ಮುಂದೆಯೂ ನಿಂತು, ಇದು ಬೇಕೇ, ಬೇಕಿದ್ದರೆ ಏಕೆ, ಇದಕ್ಕಿಂತ ಮೊದಲು ಯಾವುದು ಬರಬೇಕು ಎಂದು ತೀರ್ಮಾನಿಸಬೇಕಾಗುತ್ತದೆ. ವಿಷಯ ಅರ್ಥವಾಗದೆ ಈ ತೀರ್ಮಾನ ಸಾಧ್ಯವಿಲ್ಲ. ಉರು ಹೊಡೆದ ಉತ್ತರದಲ್ಲಿ ಮರೆಯಾಗುವ ಕೊರತೆ ಇಲ್ಲಿ ಕೂಡಲೇ ಬಯಲಾಗುತ್ತದೆ.

ಮೊದಲ ಪಾಠ: ಹೆಸರುಕಾಳು

ನಾಸಿಕ್‌ನ ಮಕ್ಕಳು ಫಾಲ್ಕೆಯವರ ಪ್ರಯೋಗದಿಂದಲೇ ಆರಂಭಿಸಬಹುದು. ಒದ್ದೆ ಹತ್ತಿಯ ಮೇಲೆ ಹೆಸರುಕಾಳನ್ನಿಟ್ಟು, ಮೊಬೈಲನ್ನು ಒಂದೇ ಜಾಗದಲ್ಲಿ, ಒಂದೇ ಎತ್ತರದಲ್ಲಿ ಇರಿಸಿ ದಿನಕ್ಕೆ 4 ಚಿತ್ರಗಳಂತೆ 15 ದಿನ ತೆಗೆದರೆ 60 ಚಿತ್ರಗಳಾಗುತ್ತವೆ. ಒಂದೊಂದನ್ನು ಅರ್ಧ ಸೆಕೆಂಡ್ ತೋರಿಸಿದರೆ 30 ಸೆಕೆಂಡುಗಳ ಚಿತ್ರ ಸಿದ್ಧ. ಇದರಲ್ಲಿ ವಿಜ್ಞಾನವೂ ಇದೆ, ಗಣಿತವೂ ಇದೆ. ಬೇರು ಮೊದಲೋ ಚಿಗುರು ಮೊದಲೋ ಎಂಬ ಪ್ರಶ್ನೆಗೆ ಮಗು ಪುಸ್ತಕ ತೆರೆಯದೆ ಉತ್ತರ ಕಂಡುಕೊಳ್ಳುತ್ತದೆ. ನಡುವೆ ಒಂದು ದಿನ ಮರೆತರೆ ಚಿತ್ರವು ಅಲ್ಲಿ ಹಾರಿದಂತೆ ಕಾಣುತ್ತದೆ. ಶಿಸ್ತಿನ ಪಾಠವನ್ನು ಬೇರೆ ಹೇಳಬೇಕಾಗುವುದಿಲ್ಲ.

ಎರಡನೆಯ ಪಾಠ: ಕೈಲಾಸ ದೇಗುಲ

ಛತ್ರಪತಿ ಸಂಭಾಜಿನಗರದ ಮಕ್ಕಳಿಗೆ ಸುಮಾರು 30 ಕಿಲೋಮೀಟರ್ ದೂರದಲ್ಲಿಯೇ ಎಲ್ಲೋರಾ ಇದೆ. ಅಲ್ಲಿನ 16ನೆಯ ಗುಹೆಯಾದ ಕೈಲಾಸ ದೇಗುಲದ ನಿರ್ಮಾಣವನ್ನು ಎಂಟನೆಯ ಶತಮಾನದ ರಾಷ್ಟ್ರಕೂಟ ದೊರೆ ಒಂದನೆಯ ಕೃಷ್ಣನ ಹೆಸರಿನೊಂದಿಗೆ ಇತಿಹಾಸಕಾರರು ಜೋಡಿಸುತ್ತಾರೆ. ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ದೇಗುಲ ಇದಲ್ಲ. ಬೆಟ್ಟವನ್ನು ಮೇಲಿನಿಂದ ಕೆಳಗೆ ಕೊರೆಯುತ್ತ, ಬೇಡದ ಕಲ್ಲನ್ನು ತೆಗೆಯುತ್ತ ಬಂದು ಉಳಿಸಿಕೊಂಡ ದೇಗುಲ. ಸಂಕಲನವೆಂದರೆ ಏನೆಂಬುದನ್ನು ಮಕ್ಕಳಿಗೆ ತಿಳಿಹೇಳಲು ಇದಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ತೋಚದು.

ಇಲ್ಲಿ ಎರಡು ನಿಮಿಷದ ಚಿತ್ರ ಮಾಡಹೊರಟ ಮಗುವಿಗೆ ಮೊದಲ ದೃಶ್ಯವೇ ಒಂದು ಪ್ರಶ್ನೆ. ದ್ವಾರದಿಂದ ಆರಂಭಿಸಿದರೆ ಇದು ಎಲ್ಲ ಗುಡಿಗಳಂತೆಯೇ ಕಾಣುತ್ತದೆ. ಬೆಟ್ಟದ ಮೇಲಿನಿಂದ ಶಿಖರವನ್ನು ತೋರಿಸಿ ಕೆಳಗಿಳಿದರೆ ಕೊರೆದ ಕ್ರಮವೇ ಕಥೆಯಾಗುತ್ತದೆ. ದೃಶ್ಯಗಳು ಅವೇ, ಕ್ರಮ ಬದಲಾದೊಡನೆ ಅರ್ಥವೂ ಬದಲಾಗುತ್ತದೆ. ಇದನ್ನು ಅರಿತ ಮಗು ಮುಂದೆ ಬೇರೆಯವರು ಕತ್ತರಿಸಿ ಜೋಡಿಸಿದ ವಿಡಿಯೋಗಳನ್ನೂ ಕಣ್ಣುಮುಚ್ಚಿ ನಂಬಲಾರದು. ಅಂದಹಾಗೆ, ಸ್ಮಾರಕಗಳಲ್ಲಿ ಟ್ರೈಪಾಡ್ ಬಳಸಲು ಪ್ರತ್ಯೇಕ ಅನುಮತಿ ಬೇಕು. ಕೈಯಲ್ಲಿ ಹಿಡಿದ ಮೊಬೈಲ್ ಸಾಕು.

ಮಾತು ಕನ್ನಡದಲ್ಲಿರಲಿ

ರಾಷ್ಟ್ರಕೂಟರ ನಂತರದ ರಾಜಧಾನಿ ಮಾನ್ಯಖೇಟವು ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ನೃಪತುಂಗನ ಆಸ್ಥಾನದಲ್ಲಿ ಒಂಬತ್ತನೆಯ ಶತಮಾನದಲ್ಲಿ ರಚಿತವಾದ ‘ಕವಿರಾಜಮಾರ್ಗ’ವು ಕನ್ನಡ ನಾಡಿನ ಒಂದು ಎಲ್ಲೆಯಾಗಿ ಹೆಸರಿಸುವುದು ನಾಸಿಕ್‌ನಲ್ಲಿ ಹರಿಯುವ ಇದೇ ಗೋದಾವರಿಯನ್ನು. ಆದರೆ ಇಲ್ಲಿ ನೆಲೆಸಿರುವ ನಮ್ಮ ಅನೇಕ ಮಕ್ಕಳ ಸ್ಥಿತಿ ಏನು? ಶಾಲೆಯಲ್ಲಿ ಇಂಗ್ಲಿಷ್ ಹಾಗೂ ಮರಾಠಿ. ಮನೆಯಲ್ಲಿ ಕನ್ನಡ ಮಾತನಾಡಿದರೂ ಓದುಬರಹ ಬಾರದು. ದೇವನಾಗರಿಯಲ್ಲಿ ಮರಾಠಿ ಬರೆಯುವಾಗ ಎ-ಏ, ಒ-ಓ ಎಂಬ ಹ್ರಸ್ವ ದೀರ್ಘಗಳ ಭೇದವಿಲ್ಲದ ಕಾರಣ, ಮಗು ‘ಕೆರೆ’ ಎನ್ನಲು ಹೋಗಿ ‘ಕೇರೆ’ ಎನ್ನುವುದುಂಟು. ಊರಿನ ಅಜ್ಜಿಗೆ ನೀರಿನ ಬದಲು ಹಾವು ಕಾಣಿಸಿಕೊಳ್ಳುತ್ತದೆ!

ಹಿರಿಯರು ಹತ್ತು ಬಾರಿ ತಿದ್ದಿದರೆ ಮಗು ಮುನಿಸಿಕೊಳ್ಳುತ್ತದೆ. ತನ್ನದೇ ಧ್ವನಿಯನ್ನು ಮುದ್ರಿಸಿ ಕೇಳಿದಾಗ ತಾನಾಗಿಯೇ ನಕ್ಕು ಮತ್ತೊಮ್ಮೆ ಓದುತ್ತದೆ. ಆದುದರಿಂದ ನಿರೂಪಣೆಯನ್ನು ಕನ್ನಡ ಲಿಪಿಯಲ್ಲಿಯೇ ಬರೆಸಬೇಕು. ನಿಮಿಷಕ್ಕೆ ಸುಮಾರು 80 ಪದಗಳಂತೆ ಎರಡು ನಿಮಿಷಕ್ಕೆ 160 ಪದ. ಒಂದು ಪುಟವೂ ಆಗದು. ಬರವಣಿಗೆ, ಓದು, ಉಚ್ಚಾರಣೆ ಮೂರೂ ಆ ಪುಟದಲ್ಲಿಯೇ ನಡೆಯುತ್ತವೆ. ಚಿತ್ರವನ್ನು ಊರಿನ ಅಜ್ಜ-ಅಜ್ಜಿಯರಿಗೆ ಕಳುಹಿಸುವುದಾಗಿ ಹೇಳಿದರೆ ಉತ್ಸಾಹ ಇಮ್ಮಡಿಯಾದೀತು.

ಸಲಕರಣೆ ಮತ್ತು ಎಚ್ಚರಿಕೆ

ಒಂದು ಕಾಲದಲ್ಲಿ ಮನೆಮಾತಾಗಿದ್ದ ವಿಂಡೋಸ್ ಮೂವಿ ಮೇಕರ್ 2017ರಲ್ಲಿ ನಿಂತುಹೋಯಿತು. ಓಪನ್‌ಶಾಟ್, ಶಾಟ್‌ಕಟ್, ಕೆಡೆನ್‌ಲೈವ್ ಎಂಬ ತಂತ್ರಾಂಶಗಳು ಉಚಿತವಾಗಿ ದೊರೆಯುತ್ತವೆ. ಯುನಿಕೋಡ್ ಅಕ್ಷರಗಳಿರುವುದರಿಂದ ಶೀರ್ಷಿಕೆಗಳನ್ನು ಕನ್ನಡದಲ್ಲಿ ಬೆರಳಚ್ಚಿಸಬಹುದು. ಎಲ್ಲ ತುಣುಕುಗಳನ್ನು ಒಂದೇ ಫೋಲ್ಡರಿನಲ್ಲಿ ಇರಿಸಬೇಕು; ನಡುವೆ ಅವುಗಳನ್ನು ಬೇರೆಡೆಗೆ ಸರಿಸಿದರೆ ತಂತ್ರಾಂಶಕ್ಕೆ ಅವು ಸಿಗುವುದಿಲ್ಲ. ಸಿನಿಮಾ ಹಾಡನ್ನು ಹಿನ್ನೆಲೆಗೆ ಬಳಸಿದರೆ ಹಕ್ಕುಸ್ವಾಮ್ಯದ ತೊಡಕು ಬರಬಹುದು. ಮಕ್ಕಳೇ ಹಾಡಿದ ಅಥವಾ ನುಡಿಸಿದ ಧ್ವನಿ ಲೇಸು. ಅನ್ಯ ಮಕ್ಕಳ ಮುಖ ತೋರಿಸುವುದಾದರೆ ಅವರ ಪಾಲಕರ ಒಪ್ಪಿಗೆ ಅಗತ್ಯ.

ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆ ಪಾಲಕರಾದ ನಮಗೇ ಸಲ್ಲಬೇಕು. ಮಗುವಿನ ಶಾಲಾ ಪ್ರಾಜೆಕ್ಟನ್ನು ರಾತ್ರಿಯೆಲ್ಲ ಕುಳಿತು ನಾವೇ ಮುಗಿಸಿಕೊಡುವ ಪರಿಪಾಠ ನಮ್ಮಲ್ಲಿದೆ. ಚಿತ್ರ ಅಂದವಾಗುತ್ತದೆ, ಅಂಕವೂ ಬರುತ್ತದೆ, ಮಗು ಮಾತ್ರ ಏನನ್ನೂ ಕಲಿಯುವುದಿಲ್ಲ. ಮಗುವಿನ ಕತ್ತರಿಕೆ ಒರಟಾಗಿರಲಿ, ಧ್ವನಿ ತೊದಲಲಿ. ಮೌಸ್ ಮಾತ್ರ ಅದರ ಕೈಯಲ್ಲಿರಲಿ. ಯಾವ ದೃಶ್ಯವನ್ನು ಏಕೆ ತೆಗೆದೆ ಎಂದು ಕೇಳಿ, ಉತ್ತರವನ್ನು ಆಲಿಸುವುದಷ್ಟೇ ನಮ್ಮ ಪಾಲಿನ ಕೆಲಸ. ಬರುವ ರಜೆಯಲ್ಲಿ ಒಂದು ಹಿಡಿ ಹೆಸರುಕಾಳು ಮತ್ತು ಮನೆಯ ಮೊಬೈಲಿನಿಂದ ಇದನ್ನು ಆರಂಭಿಸಬಹುದೆಂದು ನಮ್ಮ ಓದುಗ ಕುಟುಂಬಗಳಲ್ಲಿ ವಿನಂತಿಸುತ್ತೇವೆ.